ಲಿನಕ್ಸಿನೊಳಗೆ ಮಾವನವರ ಜಾತಕ

ನಾನು ಸ್ವಭಾವದಿಂದಲೇ ಪುಕ್ಕಲು ಮನುಷ್ಯ. ಹೇಳಿಕೊಳ್ಳಲು ನಾಚಿಕೆಯೇನಿಲ್ಲ, ಹೇಳದಿದ್ದರೂ ನನ್ನನ್ನು ಸ್ವಲ್ಪ ಹೊತ್ತು ನೋಡಿದವರಿಗೆ ತಾನಾಗಿಯೇ ತಿಳಿಯುತ್ತದೆ. ಮನೆಯಲ್ಲಿ ಗ್ಯಾಸ್ ಸಿಲಿಂಡರ್ ಬದಲಾಯಿಸುವಾಗ ನಾನು ಗೇಟಿನ ಹತ್ತಿರ ನಿಂತು ಬೀದಿಯ ಆಗುಹೋಗುಗಳನ್ನು ಗಮನಿಸುತ್ತಿರುತ್ತೇನೆ. ಸಿಲಿಂಡರ್ ಬದಲಾಯಿಸುವವಳು ನನ್ನ ಹೆಂಡತಿ ಸುಮ. ಬ್ಯಾಂಕಿನಿಂದ ಫೋನ್ ಬಂದರೆ ನಿಜವಾದ ಬ್ಯಾಂಕೋ ಕಳ್ಳರೋ ಎಂದು ಹೆದರಿ ಎತ್ತುವುದಿಲ್ಲ. ಎತ್ತದೇ ಹೋದದ್ದಕ್ಕೆ ಬ್ಯಾಂಕಿನವರು ಏನು ಮಾಡಿಬಿಡುತ್ತಾರೋ ಎಂದು ಆಮೇಲೆ ಮತ್ತೆ ಹೆದರುತ್ತೇನೆ. ಇವೆಲ್ಲ ಸಂಸಾರಸ್ಥರಿಗೆ ಇದ್ದದ್ದೇ ಅನ್ನಿ. ನಾನು ಈಗ ಹೇಳಹೊರಟಿರುವುದು ನನ್ನ ಕೈಯಾರೆ ನಾನೇ ಮಾಡಿಕೊಂಡ, ಶ್ರೀರಾಂಪುರದ ನಮ್ಮ ಮನೆಯ ಹಾಲಿನಲ್ಲಿ ಮೇಜಿನ ಮೇಲೆ ಕುಳಿತು ದಿನವೂ ನನ್ನನ್ನು ನೋಡುತ್ತಿರುವ ಒಂದು ಹೆದರಿಕೆಯ ಸಂಗತಿ. ಅದು ನಮ್ಮ ಹಳೆಯ ಕಂಪ್ಯೂಟರು.

ಕಂಪ್ಯೂಟರಿಗಿಂತ ಮೊದಲು ನಮ್ಮ ಮಾವನವರನ್ನು ಪರಿಚಯಿಸಬೇಕು. ಸುಮಳ ತಂದೆ ಹೈಸ್ಕೂಲಿನ ನಿವೃತ್ತ ಹೆಡ್‌ಮಾಸ್ಟರು. ಮಂಡಿನೋವಿನ ಚಿಕಿತ್ಸೆಗೆಂದು ಹದಿನೈದು ದಿನದ ಮಟ್ಟಿಗೆ ನಮ್ಮ ಮನೆಗೆ ಬಂದರು. ಮಂಡಿನೋವು ಎಂದೋ ಹೊರಟುಹೋಯಿತು, ಮಾವನವರು ಇದ್ದಾರೆ. ಅವರು ನನ್ನನ್ನು ಒಂದು ದಿನವೂ ಗದರಿಸಿದವರಲ್ಲ. ಗದರಿಸಿದ್ದರೆ ಎಷ್ಟೋ ವಾಸಿಯಾಗಿತ್ತು. ‘ಅಳಿಯಂದ್ರೇ, ಸ್ವಲ್ಪ ಬನ್ನಿ’ ಎಂದು ಬಹುವಚನದಲ್ಲಿ ಮೆತ್ತಗೆ ಕರೆಯುತ್ತಾರೆ. ಹೆಡ್‌ಮಾಸ್ಟರ ಕೊಠಡಿಯ ಹೊರಗೆ ನಿಂತ ಹುಡುಗನ ಹಾಗೆ ನಾನು ಅಂಗಿಯ ಗುಂಡಿ ಹಾಕಿಕೊಳ್ಳುತ್ತೇನೆ. ನನಗೀಗ ಐವತ್ತು ದಾಟಿದೆ, ಪಿಯು ಕಾಲೇಜಿನಲ್ಲಿ ತರ್ಕಶಾಸ್ತ್ರದ ಉಪನ್ಯಾಸಕ, ನನ್ನ ಮುಂದೆಯೂ ಹುಡುಗರು ಎದ್ದು ನಿಲ್ಲುತ್ತಾರೆ. ಆದರೆ ಹಾಲಿನಿಂದ ಆ ‘ಅಳಿಯಂದ್ರೇ’ ಬಂತೆಂದರೆ ನಾನು ಎದ್ದು ನಿಲ್ಲುತ್ತೇನೆ.

ಮಾವನವರಿಗೆ ಜಾತಕದ ಹವ್ಯಾಸ. ಯಾರಿಂದಲೂ ಬಿಡಿಗಾಸು ಮುಟ್ಟದೆ ಬಡಾವಣೆಯವರಿಗೆಲ್ಲ ಜಾತಕ ಬರೆದು, ಕೂಡಿಬರುತ್ತದೋ ಇಲ್ಲವೋ ನೋಡಿ ಹೇಳುತ್ತಾರೆ. ಮೊದಲೆಲ್ಲ ಪಂಚಾಂಗ ಹಿಡಿದು ಕೈಯಲ್ಲೇ ಲೆಕ್ಕ ಹಾಕುತ್ತಿದ್ದರಂತೆ. ಎಂದೋ ಒಂದು ವಸ್ತುಪ್ರದರ್ಶನದಲ್ಲಿ ಜಾತಕದ ಸಾಫ್ಟ್‌ವೇರಿನ ಸಿ.ಡಿ. ಕೊಂಡುತಂದ ಮೇಲೆ ಪಂಚಾಂಗ ಗೋಡೆಗೆ ಹೋಯಿತು. ಹುಟ್ಟಿದ ತಾರೀಕು, ವೇಳೆ, ಊರು ಒತ್ತಿದರೆ ಮುಗಿಯಿತು, ಕುಂಡಲಿ ಬರೆದುಕೊಂಡು ಬರುತ್ತದೆ. ಆ ಸಾಫ್ಟ್‌ವೇರು ಮಾಡಿದವರು ಈಗ ಎಲ್ಲಿದ್ದಾರೋ ಯಾರಿಗೂ ಗೊತ್ತಿಲ್ಲ. ಮಾವನವರಿಗೆ ಬೇರೆ ಯಾವುದೂ ಬೇಡ. ಮೊಬೈಲಿನಲ್ಲಿ ಇಂಥವು ಹತ್ತಾರು ಸಿಗುತ್ತವೆ ಎಂದು ಒಮ್ಮೆ ಹೇಳಿದ್ದಕ್ಕೆ, ‘ಮೊಬೈಲಲ್ಲಿ ಬರೋದು ಮೊಬೈಲಿನ ಜಾತ್ಕ ಅಳಿಯಂದ್ರೇ, ಮನುಷ್ಯನದಲ್ಲ’ ಎಂದುಬಿಟ್ಟರು.

ಅದು ವಿಂಡೋಸಿನಲ್ಲಿ ಓಡುವ ಸಾಫ್ಟ್‌ವೇರು. ನಮ್ಮ ಕಂಪ್ಯೂಟರೋ ಹೊಸ ವಿಂಡೋಸನ್ನು ಹೊರಲಾರದಷ್ಟು ಮುದಿಯಾಗಿತ್ತು, ಹಳೆಯ ವಿಂಡೋಸಿಗೆ ವೈರಸ್ ಬರುತ್ತದೆಂದು ನನಗೆ ಭಯ. ಕಾಲೇಜಿನ ಭೌತಶಾಸ್ತ್ರದ ಮೇಷ್ಟ್ರು, ‘ವಿಂಡೋಸ್ ತೆಗೆದು ಅದರ ಜಾಗಕ್ಕೆ ಲಿನಕ್ಸ್ ಹಾಕ್ಬುಡಿ ಸಾರ್. ಪುಕ್ಸಟ್ಟೆ, ವೈರಸ್ಸಿನ ಕಾಟ ಇಲ್ಲ’ ಎಂದರು. ವೈರಸ್ಸಿನ ಕಾಟ ಇಲ್ಲ ಎಂಬ ಮಾತಿಗೆ ನಾನು ಮರುಳಾದೆ. ಈ ಯುಗಾದಿಯ ರಜೆಯಲ್ಲಿ ಕುಳಿತು ಹಾಕಿಯೇಬಿಟ್ಟೆ. ಹಾಕುವಾಗ ಅದು ನನ್ನನ್ನು ಏನೇನೋ ಕೇಳಿತು. ಯಾವ ಪ್ರಶ್ನೆಗೆ ಏನು ಉತ್ತರ ಕೊಟ್ಟರೆ ಏನು ಹಾಳಾಗುತ್ತದೋ ಎಂಬ ಅಂಜಿಕೆಯಿಂದ, ಇದ್ದದ್ದು ಇದ್ದ ಹಾಗೇ ಇರಲಿ ಎಂದು ಎಲ್ಲದಕ್ಕೂ ‘ಮುಂದೆ’, ‘ಮುಂದೆ’ ಎಂದು ಒತ್ತುತ್ತಾ ಹೋದೆ. ಪುಕ್ಕಲರು ಜಗತ್ತಿನಲ್ಲಿ ಮುಂದೆ ಹೋಗುವ ರೀತಿಯೇ ಇದು.

ಕಂಪ್ಯೂಟರು ಚುರುಕಾಯಿತು, ಮಾವನವರ ಸಾಫ್ಟ್‌ವೇರು ಮಾತ್ರ ತೆರೆಯಲಿಲ್ಲ. ಆ ಸಂಜೆ ನಾನು ಅನುಭವಿಸಿದ್ದನ್ನು ಶತ್ರುವೂ ಅನುಭವಿಸಬಾರದು. ಭೌತಶಾಸ್ತ್ರದವರಿಗೆ ಫೋನ್ ಮಾಡಿದೆ. ಅವರು, ಇದಕ್ಕೆಂದೇ ನಡುವೆ ಕುಳಿತು ದುಭಾಷಿಯ ಕೆಲಸ ಮಾಡುವ ಇನ್ನೊಂದು ಪ್ರೋಗ್ರಾಂ ಇದೆ, ಅದನ್ನು ಹಾಕಿ ಎಂದರು. ಅದರ ಕೆಲಸವೇನೆಂದರೆ ಮರ್ಯಾದೆಯಿಂದ ಸುಳ್ಳು ಹೇಳುವುದು. ಹಳೆಯ ಸಾಫ್ಟ್‌ವೇರು ‘ಇದು ವಿಂಡೋಸ್ ತಾನೆ?’ ಎಂದು ಕೇಳಿದರೆ ‘ಹೌದು ಸ್ವಾಮಿ’ ಅನ್ನುತ್ತದೆ. ‘ಸಿ ಡ್ರೈವ್ ಎಲ್ಲಿ?’ ಎಂದರೆ ಯಾವುದೋ ಮೂಲೆಯ ಫೋಲ್ಡರೊಂದನ್ನು ತೋರಿಸಿ ‘ಇದೇ’ ಅನ್ನುತ್ತದೆ. ನಮ್ಮ ಅಜ್ಜಿಗೆ ನಾವು ಅಂಗಡಿಯ ಕಾಫಿಪುಡಿಯನ್ನೇ ಮನೆಯಲ್ಲಿ ಹುರಿದು ಪುಡಿ ಮಾಡಿದ್ದೆಂದು ಹೇಳಿ ಕುಡಿಸುತ್ತಿದ್ದೆವು. ಅಜ್ಜಿ ಒಂದು ಗುಟುಕು ಕುಡಿದು ನಮ್ಮ ಮುಖ ನೋಡುತ್ತಿದ್ದರಲ್ಲ, ಆ ಹೊತ್ತಿನ ನಡುಕ ಈಗ ನನಗೆ ದಿನವೂ ಬರತೊಡಗಿತು.

ಏಕೆಂದರೆ ಆ ಸಾಫ್ಟ್‌ವೇರು ಒಂದು ದಿನ ಇದ್ದ ಹಾಗೆ ಇನ್ನೊಂದು ದಿನ ಇರುತ್ತಿರಲಿಲ್ಲ. ಒಂದು ದಿನ ನವಗ್ರಹಗಳೆಲ್ಲ ಬರೀ ಚೌಕಗಳಾಗಿ ಬಂದವು. ಎಲ್ಲ ಗ್ರಹಗಳೂ ಒಂದೇ ಆಗಿಬಿಟ್ಟರೆ ದೋಷ ಯಾವುದೆಂದು ಹೇಳುವುದು ಹೇಗೆ ಎಂದು ಮಾವನವರು ಕೇಳಿದರು. ಇನ್ನೊಂದು ದಿನ ಕುಂಡಲಿಯ ಕಿಟಕಿ ಬೇರೆ ಕಿಟಕಿಯ ಹಿಂದೆ ಹೋಗಿ ಅವಿತುಕೊಂಡು, ಎಷ್ಟು ಕರೆದರೂ ಹೊರಗೆ ಬರಲಿಲ್ಲ. ಪ್ರಿಂಟು ಒಂದೊಂದು ಸಲ ಅಡ್ಡಡ್ಡ ಬಂದು ಕೇತು ಹಾಳೆಯಿಂದಾಚೆ ಹೋಗಿರುತ್ತಿದ್ದ. ಲಿನಕ್ಸು ತನ್ನನ್ನು ತಾನೇ ಹೊಸದು ಮಾಡಿಕೊಂಡಾಗಲೆಲ್ಲ ದುಭಾಷಿ ಮಾತು ಮರೆಯುತ್ತಿತ್ತು. ಆಗ ಕಪ್ಪು ಪರದೆ ತೆರೆದು, ಆಜ್ಞೆ ಒತ್ತಿ ಸಾಫ್ಟ್‌ವೇರನ್ನು ಎಬ್ಬಿಸಬೇಕು. ಎದ್ದು ಬರುವ ತನಕ ಆ ಪರದೆಯ ಮೇಲೆ ‘ಫಿಕ್ಸ್ ಮಿ’, ‘ಫಿಕ್ಸ್ ಮಿ’ ಎಂದು ಸಾಲುಸಾಲಾಗಿ ಹರಿದುಬರುತ್ತದೆ. ನನ್ನನ್ನು ಸರಿಪಡಿಸಿ, ಸರಿಪಡಿಸಿ ಎಂದು ಒಳಗೆ ಯಾರೋ ಗೋಗರೆದಂತೆ. ಮಾವನವರು ಹಿಂದೆ ನಿಂತು, ‘ಅದೇನಂತೆ ಅಳಿಯಂದ್ರೇ?’ ಎಂದರೆ, ‘ನಮಸ್ಕಾರ ಹೇಳ್ತಿದೆ ಮಾವ’ ಎನ್ನುತ್ತಿದ್ದೆ. ಹೀಗೆ ದುಭಾಷಿಯ ಕೆಲಸ ನಿಧಾನವಾಗಿ ನನಗೂ ಅಂಟಿಕೊಂಡಿತು.

ಇಲ್ಲಿ ಇನ್ನೊಂದು ಮಾತು ಹೇಳಬೇಕು. ನಾನು ಜಾತಕವನ್ನು ನಂಬುವವನಲ್ಲ. ತರಗತಿಯಲ್ಲಿ ಕಾರ್ಯಕಾರಣ ಸಂಬಂಧದ ಪಾಠ ಬಂದಾಗ ಜಾತಕವನ್ನೇ ಉದಾಹರಣೆಗೆ ತೆಗೆದುಕೊಂಡು ಗಂಟೆಗಟ್ಟಲೆ ಬಾರಿಸುತ್ತೇನೆ. ಮನೆಯಲ್ಲಿ ಬಾರಿಸುವುದಿಲ್ಲ. ಆದ್ದರಿಂದ ಜಾತಕ ಸರಿಯೋ ತಪ್ಪೋ ಎಂಬ ಚಿಂತೆ ನನಗೆ ಬಂದದ್ದೇ ಇಲ್ಲ. ಸಾಫ್ಟ್‌ವೇರು ತೆರೆಯಿತೋ ಇಲ್ಲವೋ, ಹಾಳೆ ಹೊರಗೆ ಬಂತೋ ಇಲ್ಲವೋ, ಅಷ್ಟೇ ನನ್ನ ಪ್ರಾಣಸಂಕಟ.

ನಮ್ಮ ಎದುರು ಮನೆಯವರು ಪುಟ್ಟಸ್ವಾಮಿ, ಜಯಮ್ಮ ದಂಪತಿ. ಅವರ ಒಬ್ಬಳೇ ಮಗಳು ಕಾವ್ಯ ಹೂಟಗಳ್ಳಿಯ ಒಂದು ಫ್ಯಾಕ್ಟರಿಯ ಆಫೀಸಿನಲ್ಲಿ ಕೆಲಸ ಮಾಡುತ್ತಾಳೆ. ಹಿಂದೆ ನನ್ನ ವಿದ್ಯಾರ್ಥಿನಿ. ಅವಳಿಗೆ ಹಿನಕಲ್ಲಿನಿಂದ ಒಂದು ಸಂಬಂಧ ಬಂತು. ಹುಡುಗನೂ ಹೂಟಗಳ್ಳಿಯ ಕಡೆಯೇ ಕೆಲಸದವನು. ಬಂದು ನೋಡಿದ, ಮಾತಾಡಿದರು, ಇಬ್ಬರಿಗೂ ಮನಸ್ಸಿಗೆ ಬಂತು, ಹಿರಿಯರಿಗೂ ಒಪ್ಪಿಗೆಯಾಯಿತು. ಜಾತಕವೊಂದನ್ನು ನೋಡಿಬಿಡೋಣ ಎಂದು ಹುಡುಗನ ಹುಟ್ಟಿದ ತಾರೀಕು ತಂದು ಮಾವನವರಿಗೆ ಕೊಟ್ಟರು. ಕಾವ್ಯಳದು ಹುಟ್ಟಿದಾಗ ಬರೆಸಿದ್ದೇ ಇತ್ತು. ನಾನು ಸಾಫ್ಟ್‌ವೇರನ್ನು ಎಬ್ಬಿಸಿದೆ, ಮಾವನವರು ಎರಡು ಬೆರಳಿನಲ್ಲಿ ತಾರೀಕು ಒತ್ತಿದರು, ಹಾಳೆ ನೆಟ್ಟಗೆ ಹೊರಬಂತು. ನೆಟ್ಟಗೆ ಬಂತಲ್ಲ ಎಂದು ನಾನು ಉಸಿರು ಬಿಡುವಷ್ಟರಲ್ಲಿ ಮಾವನವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಇಬ್ಬರದೂ ಶಿರೋರಜ್ಜು, ಮದುವೆಯಾದರೆ ಹುಡುಗನ ಆಯುಸ್ಸಿಗೆ ಕೇಡು, ಇದಕ್ಕೆ ಪರಿಹಾರವಿಲ್ಲ ಎಂದರು. ಜಯಮ್ಮನ ಮುಖ ಇಳಿದುಹೋಯಿತು. ಹಿನಕಲ್ಲಿನವರಿಗೆ ಆಗುವುದಿಲ್ಲ ಎಂದು ಹೇಳಿ ಕಳಿಸಿದರು.

ಕೆಲವು ದಿನಗಳಾದ ಮೇಲೆ ಒಂದು ಮಧ್ಯಾಹ್ನ ಜಯಮ್ಮ ನಮ್ಮ ಅಡುಗೆಮನೆಯಲ್ಲಿ ಸುಮಳ ಜೊತೆ ಅವರೆಕಾಳು ಬಿಡಿಸುತ್ತಾ ಕುಳಿತಿದ್ದರು. ನಾನು ನೀರು ಕುಡಿಯಲು ಒಳಗೆ ಹೋಗಿದ್ದೆ.

‘ಎಂಥ ಮನೆ ಕೈಬುಟ್ಟೋಯ್ತು ಕಣ್ರೀ ಸುಮಾ,’ ಎನ್ನುತ್ತಿದ್ದರು ಜಯಮ್ಮ. ‘ಆ ಹುಡ್ಗನ ತಾಯಿ ಏನ್ ಮಾತು, ಏನ್ ನಗು. ಜಂಬೂ ಸವಾರಿ ದಿವ್ಸವೇ ಅವ್ರಿಗೆ ನೋವು ಬಂದ್ಬುಡ್ತಂತೆ. ರೋಡೆಲ್ಲ ಬಂದ್ ಆಗಿ, ಆಟೋದೋರು ಬರಲ್ಲ ಅಂದ್ರಂತೆ. ಕೊನೆಗೆ ಅದ್ಯಾರೋ ಪೊಲೀಸ್ನೋರೇ ಜೀಪಲ್ಲಿ ಆಸ್ಪತ್ರೆಗೆ ಬುಟ್ರಂತೆ. ಅತ್ಲಾಗೆ ಆನೆ ಅರಮನೆ ಬುಡ್ತು, ಇತ್ಲಾಗೆ ಮಗ ಹುಟ್ದ ಅಂತ ನಗ್ತಾ ನಗ್ತಾ ಹೇಳುದ್ರು.’

ನಾನೂ ನಗುತ್ತಾ ನೀರಿನ ಲೋಟ ಹಿಡಿದು ಹಾಲಿಗೆ ಬಂದೆ. ಆ ಹುಡುಗನ ಜಾತಕದ ಇನ್ನೊಂದು ಪ್ರತಿ ಮೇಜಿನ ಮೇಲೇ ಬಿದ್ದಿತ್ತು. ಸುಮ್ಮನೆ ಕಣ್ಣಾಡಿಸಿದೆ. ಹಾಳೆಯ ನೆತ್ತಿಯ ಮೇಲೆ, ಯಾರೂ ಓದದ ಜಾಗದಲ್ಲಿ, ‘ಫಾಲ್ಗುಣ ಮಾಸ’ ಎಂದಿತ್ತು. ಫಾಲ್ಗುಣ ಮಾಸದಲ್ಲಿ ಜಂಬೂ ಸವಾರಿ ಹೊರಟದ್ದನ್ನು ಮೈಸೂರಿನಲ್ಲಿ ಯಾರೂ ಕಂಡಿಲ್ಲ. ಫಾಲ್ಗುಣವೆಂದರೆ ಹೋಳಿ ಆಡುವ ತಿಂಗಳು. ಲೋಟ ಮೇಜಿನ ಮೇಲಿಟ್ಟು ಆ ಸಾಲನ್ನು ಇನ್ನೊಮ್ಮೆ ಓದಿದೆ.

ಮಾವನವರು ಸಂಜೆಯ ವಾಕಿಂಗಿಗೆ ಹೋಗುವುದನ್ನೇ ಕಾದು ಕಂಪ್ಯೂಟರಿನ ಮುಂದೆ ಕುಳಿತೆ. ಸ್ವಾತಂತ್ರ್ಯ ದಿನದ ತಾರೀಕು, ಹದಿನೈದನೆಯದು, ಎಂಟನೇ ತಿಂಗಳು ಎಂದು ಒತ್ತಿದೆ. ಶ್ರಾವಣ ಎಂದು ಸರಿಯಾಗಿ ಹೇಳಿತು. ಗಣರಾಜ್ಯದ ದಿನ ಒತ್ತಿದೆ, ಅದೂ ಸರಿ. ಧೈರ್ಯ ಬಂದು ರಾಜ್ಯೋತ್ಸವದ ತಾರೀಕು ಒತ್ತಿದೆ, ಒಂದನೆಯದು, ಹನ್ನೊಂದನೇ ತಿಂಗಳು. ಪುಷ್ಯ ಮಾಸ ಅಂದಿತು. ಸಂಕ್ರಾಂತಿಗೆ ಎಳ್ಳು ಹುರಿಯುವ ಹೊತ್ತಿನಲ್ಲಿ ರಾಜ್ಯೋತ್ಸವ. ಭೌತಶಾಸ್ತ್ರದ ಮೇಷ್ಟ್ರಿಗೆ ಫೋನ್ ಮಾಡಿದೆ. ಅವರು ನಕ್ಕು, ‘ಲಿನಕ್ಸ್ ಹಾಕೋವಾಗ ದೇಶ ಯಾವ್ದು ಅಂತ ಕೇಳ್ತಲ್ಲ ಸಾರ್, ಏನಂತ ಒತ್ತಿದ್ರಿ?’ ಎಂದರು. ಮುಂದೆ ಎಂದು ಒತ್ತಿದೆ ಎಂದೆ. ಹಾಗಾದರೆ ನಿಮ್ಮ ಕಂಪ್ಯೂಟರು ಅಮೆರಿಕದಲ್ಲಿದೆ ಎಂದರು. ಅಲ್ಲಿ ತಿಂಗಳು ಮೊದಲು, ತಾರೀಕು ಆಮೇಲೆ. ದುಭಾಷಿ ಅದನ್ನೇ ಸಾಫ್ಟ್‌ವೇರಿಗೆ ಹೇಳಿಕೊಟ್ಟಿತ್ತು. ಹದಿನೈದನೇ ತಿಂಗಳು ಎಂಬುದು ಇಲ್ಲದ್ದರಿಂದ ಹನ್ನೆರಡರ ಮೇಲೆ ಹುಟ್ಟಿದವರು ಬಚಾವು. ಹನ್ನೆರಡರೊಳಗೆ ಹುಟ್ಟಿದವರ ತಾರೀಕು ತಿಂಗಳಾಗಿ, ತಿಂಗಳು ತಾರೀಕಾಗಿ ಹೋಗಿತ್ತು. ಅಕ್ಟೋಬರ್ ಮೂರಕ್ಕೆ, ವಿಜಯದಶಮಿಯ ದಿನ, ಪೊಲೀಸ್ ಜೀಪಿನಲ್ಲಿ ಹೋಗಿ ಹುಟ್ಟಿದ ಹುಡುಗನನ್ನು ನಾನು ಮಾರ್ಚ್ ಹತ್ತಕ್ಕೆ ಹುಟ್ಟಿಸಿ, ಕಾವ್ಯಳಿಂದ ದೂರ ಕಳಿಸಿದ್ದೆ.

ಯುಗಾದಿಯಿಂದ ಈಚೆಗೆ ಎಷ್ಟು ಹಾಳೆ ಅಚ್ಚಾಗಿ ಹೋಗಿವೆ ಎಂದು ಎಣಿಸುವ ಧೈರ್ಯವಿರಲಿಲ್ಲ. ಹಿಂದಿನ ಬೀದಿಯ ಒಂದು ಹೆಣ್ಣುಮಗುವಿಗೆ ಜನ್ಮನಕ್ಷತ್ರದ ಪ್ರಕಾರ ‘ಟ’ಕಾರದಲ್ಲಿ ಹೆಸರಿಡಬೇಕೆಂದು ಬಂದು, ಆ ಮನೆಯವರೆಲ್ಲ ತಲೆ ಕೆರೆದುಕೊಂಡು ಕೊನೆಗೆ ಟೀನಾ ಎಂದು ಇಟ್ಟಿದ್ದರು. ಆ ಮಗುವಿನ ಅಜ್ಜಿಗೆ ಈ ಹೆಸರು ಇವತ್ತಿಗೂ ಬಾಯಿಗೆ ಬರುವುದಿಲ್ಲ. ಅದು ಹುಟ್ಟಿದ ತಾರೀಕು ಯಾವುದೋ ಎಂದು ನೆನೆದೇ ನನಗೆ ಬೆವರಿಳಿಯಿತು. ಆದರೆ ಹೆಸರು ಹೋಗಲಿ, ಕಾವ್ಯಳ ಸಂಗತಿ ಹಾಗಲ್ಲ. ಮುಂದಿನ ಭಾನುವಾರ ಅವಳನ್ನು ನೋಡಲು ಇನ್ನೊಂದು ಕಡೆಯವರು ಬರುವವರಿದ್ದರು. ಅವರು ಒಪ್ಪಿ ಮಾತುಕತೆ ಮುಗಿಸಿಬಿಟ್ಟರೆ ಆಮೇಲೆ ಏನು ಹೇಳಿದರೂ ಅಷ್ಟೇ.

ಮಾರನೆಯ ದಿನ ಕಾಲೇಜಿನಿಂದ ಬರುವಾಗ ಕಾವ್ಯಳೇ ಬೀದಿಯ ತಿರುವಿನಲ್ಲಿ ಸಿಕ್ಕಿದಳು. ಕಣ್ಣು ಊದಿಕೊಂಡಿತ್ತು.

‘ಸರ್, ಒಂದು ಸಹಾಯ ಆಗ್ಬೇಕಿತ್ತು,’ ಎಂದಳು. ‘ಜಾತ್ಕಕ್ಕೂ ನಮ್ಮ ಬದುಕಿಗೂ ಸಂಬಂಧ ಇಲ್ಲ ಅಂತ ಕ್ಲಾಸಲ್ಲಿ ಎಷ್ಟು ಚೆನ್ನಾಗಿ ಹೇಳ್ತಿದ್ರಿ. ಅದನ್ನೇ ನಮ್ಮಪ್ಪಂಗೆ ಸ್ವಲ್ಪ ಹೇಳಿ ಸರ್. ಆ ಜಾತ್ಕ ಸುಳ್ಳು ಅಂತ ನೀವು ಹೇಳಿದ್ರೆ ಅವರು ಕೇಳ್ತಾರೆ.’

ಆ ಜಾತಕ ಸುಳ್ಳು ಎಂಬುದು ಇಡೀ ಶ್ರೀರಾಂಪುರದಲ್ಲಿ ನನ್ನಷ್ಟು ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ‘ನೋಡ್ತೀನಮ್ಮ’ ಎಂದಷ್ಟೇ ಹೇಳಿ ಬೇಗ ಬೇಗ ಹೆಜ್ಜೆ ಹಾಕಿದೆ. ಹುಡುಗಿಯ ಊದಿದ ಕಣ್ಣು ನೆನೆದರೆ ಸಂಕಟವಾಗುತ್ತಿತ್ತು. ಮಾವನವರ ಮುಖ ನೆನೆದರೆ ಆ ಸಂಕಟವೂ ಅಡಗಿ ಬರೀ ಭಯ ಉಳಿಯುತ್ತಿತ್ತು.

ಯಾರಿಗೂ ಹೇಳದೆ ಕೆಲಸ ಮುಗಿಸಿಬಿಡೋಣ ಎಂದುಕೊಂಡೆ. ಕಂಪ್ಯೂಟರನ್ನು ಭಾರತಕ್ಕೆ ಕರೆತಂದು, ಮಾವನವರಿಂದ ಇನ್ನೊಮ್ಮೆ ನೋಡಿಸಿದರಾಯಿತು. ದೇಶ ಬದಲಾಯಿಸಿದೆ. ಸಾಫ್ಟ್‌ವೇರು ತೆರೆಯುವುದನ್ನೇ ನಿಲ್ಲಿಸಿತು. ದುಭಾಷಿಯನ್ನು ಕಿತ್ತು ಮತ್ತೆ ಹಾಕಿದೆ. ಸಿ.ಡಿ. ಬೇಕು ಅಂದಿತು. ಸಿ.ಡಿ. ಹಾಕಿದರೆ ಸಿ.ಡಿ. ಎಲ್ಲಿ ಅಂದಿತು. ಡ್ರೈವು ಮಿಕ್ಸಿಯ ಹಾಗೆ ಗಿರಗಿರ ಸದ್ದು ಮಾಡಿತು. ಎಲ್ಲಿ ಸಿ.ಡಿ. ಒಡೆದುಹೋಗುತ್ತದೋ ಎಂದು ನಾನು ಕಣ್ಣು ಮುಚ್ಚಿಕೊಂಡೆ. ಎರಡು ಸಂಜೆ ಹೀಗೆ ಕಳೆದ ಮೇಲೆ, ಯಾವುದನ್ನು ಸರಿಮಾಡಿದ್ದಕ್ಕೋ ನನಗೂ ತಿಳಿಯದಂತೆ, ಸಾಫ್ಟ್‌ವೇರು ಎದ್ದು ಕುಳಿತಿತು. ರಾಜ್ಯೋತ್ಸವ ತನ್ನ ಜಾಗಕ್ಕೆ ಮರಳಿತು. ಆ ಖುಷಿಯಲ್ಲಿ ಮಾವನವರ ಹತ್ತಿರ ಹೋಗಿ, ‘ಆ ಕಾವ್ಯಂದು ಇನ್ನೊಂದ್ಸಲ ನೋಡ್ಬಹುದೇನೋ ಮಾವ’ ಎಂದೆ.

‘ಒಂದ್ಸಲ ನೋಡಿ ಹೇಳಿದ್ದೀನಿ ಅಳಿಯಂದ್ರೇ,’ ಎಂದರು ಪೇಪರಿನಿಂದ ತಲೆ ಎತ್ತದೆ. ‘ಎರಡನೇ ಸಲ ನೋಡೋದು ಮೊದಲನೇ ಸಲ ಸರಿಯಾಗಿ ನೋಡದೇ ಇದ್ದೋರು.’

ಶನಿವಾರ ಬಂತು. ಸುಮಳಿಗೆ ಎಲ್ಲ ಹೇಳಿದೆ. ಅವಳಪ್ಪನಿಗೆ ಅವಳೇ ಹೇಳಲಿ ಎಂಬ ಆಸೆಯಿತ್ತು. ಅವಳು ಚಪಾತಿ ಹಿಟ್ಟು ನಾದುತ್ತಿದ್ದವಳು ಕೈ ನಿಲ್ಲಿಸಿ, ‘ನಾಳೆ ಆ ಮಗು ಸೀರೆ ಉಟ್ಕೊಂಡು ಬೇರೆಯವರ ಮುಂದೆ ಕೂತ್ಕೋಬೇಕು. ನೀವು ಹೇಳ್ಬುಡಿ ಹೋಗಿ. ಅಪ್ಪ ಏನು ನಿಮ್ಮನ್ನ ತಿಂದ್ಬುಡ್ತಾರಾ?’ ಎಂದಳು. ತಿಂದುಬಿಟ್ಟರೂ ಪರವಾಗಿಲ್ಲ, ಬಹುವಚನದಲ್ಲಿ ಮಾತಾಡುತ್ತಾರಲ್ಲ ಎಂದು ಅವಳಿಗೆ ಹೇಗೆ ಹೇಳಲಿ?

ಮಾವನವರು ಈಸಿಚೇರಿನಲ್ಲಿ ಕಾಫಿ ಕುಡಿಯುತ್ತಿದ್ದರು. ನಾನು ಮುಂದೆ ನಿಂತು, ಜಂಬೂ ಸವಾರಿಯಿಂದ ಹಿಡಿದು ಅಮೆರಿಕದವರೆಗೆ ಎಲ್ಲವನ್ನೂ ಹೇಳಿದೆ. ಅವರು ಲೋಟ ಕೆಳಗಿಟ್ಟರು. ಬೈಯುತ್ತಾರೆ ಎಂದು ನಾನು ಕಾದೆ. ‘ಆ ಮಗೀಗೆ ನಾನು ಬ್ಯಾಡ ಅಂದ್ಬುಟ್ನಲ್ಲ,’ ಎಂದರು. ಅವರ ದನಿ ನಡುಗುತ್ತಿತ್ತು. ಅಷ್ಟು ವರ್ಷದಲ್ಲಿ ಮಾವನವರಿಗೂ ಹೆದರಿಕೆಯಾಗುತ್ತದೆಂದು ನನಗೆ ಗೊತ್ತಾದದ್ದು ಅಂದೇ. ನನಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ, ಇನ್ನೂ ಹೆಚ್ಚು ಹೆದರಿಕೆಯಾಯಿತು.

ಇಬ್ಬರೂ ಕಂಪ್ಯೂಟರಿನ ಮುಂದೆ ಕುಳಿತೆವು. ಕಪ್ಪು ಪರದೆಯ ಮೇಲೆ ‘ಫಿಕ್ಸ್ ಮಿ’ ಸಾಲುಗಳು ಹರಿಯತೊಡಗಿದವು. ಸರಿಯಾದ ತಾರೀಕಿಗೂ ಶಿರೋರಜ್ಜುವೇ ಬಂದರೆ? ಆಗ ತಪ್ಪು ಒಪ್ಪಿಕೊಂಡ ಮೇಲೂ ಹುಡುಗಿಗೆ ಆ ಸಂಬಂಧ ಸಿಗುವುದಿಲ್ಲ. ತರ್ಕದ ಪ್ರಕಾರ ಯೋಚಿಸಿದರೆ ಈ ಪ್ರಶ್ನೆಗೆ ಅರ್ಥವೇ ಇಲ್ಲ. ನಾನು ತರ್ಕದ ಪ್ರಕಾರ ಯೋಚಿಸುತ್ತಿರಲಿಲ್ಲ. ಚಾಮುಂಡಿಬೆಟ್ಟದ ದಿಕ್ಕಿಗೆ ತಿರುಗಿ ಮನಸ್ಸಿನಲ್ಲೇ ಕೈಮುಗಿಯುತ್ತಿದ್ದೆ. ಮಾವನವರು ಎರಡು ಬೆರಳಿನಲ್ಲಿ ಅಕ್ಟೋಬರ್ ಮೂರನ್ನು ಒತ್ತಿದರು. ಹಾಳೆ ಬಂತು. ಈ ಸಲ ನೆತ್ತಿಯಿಂದ ಓದಿದರು. ಆಶ್ವಯುಜ ಮಾಸ, ಶುಕ್ಲ ದಶಮಿ, ಶ್ರವಣ ನಕ್ಷತ್ರ. ಬೆರಳಲ್ಲೇ ಏನೋ ಎಣಿಸಿದರು. ‘ರಜ್ಜು ಬೇರೆ. ಕೂಡುತ್ತೆ,’ ಎಂದರು.

ಆಮೇಲೆ ಅವರು ಶರಟು ಹಾಕಿಕೊಂಡು, ಆ ಹಾಳೆ ಹಿಡಿದು ಎದುರು ಮನೆಗೆ ಹೊರಟರು. ನಾನು ಗೇಟಿನ ಹತ್ತಿರ, ಸಿಲಿಂಡರ್ ಬದಲಾಯಿಸುವಾಗ ನಿಲ್ಲುವ ಜಾಗದಲ್ಲೇ ನಿಂತೆ. ಪುಟ್ಟಸ್ವಾಮಿಯವರ ಜಗಲಿಯಿಂದ ಮಾವನವರ ಮಾತು ಸ್ಪಷ್ಟವಾಗಿ ಕೇಳಿಸಿತು. ‘ತಾರೀಕು ತಿರುಗಾಮುರುಗಾ ಆಗೋಗಿತ್ತು. ತಪ್ಪು ನನ್ನದು. ಹಿನಕಲ್ಲಿನವರಿಗೆ ನಾನೇ ಬಂದು ಹೇಳ್ತೀನಿ.’ ಲಿನಕ್ಸಿನ ಹೆಸರನ್ನೂ ಎತ್ತಲಿಲ್ಲ, ಅಳಿಯನ ಹೆಸರನ್ನೂ ಎತ್ತಲಿಲ್ಲ. ಅವರು ತಿರುಗಿ ಬರುವಷ್ಟರಲ್ಲಿ ನನ್ನ ಕಣ್ಣು ಒದ್ದೆಯಾಗಿತ್ತು.

ಭಾನುವಾರ ಬರಬೇಕಾದವರಿಗೆ ಬೇಡವೆಂದು ಫೋನ್ ಹೋಯಿತು, ಹಿನಕಲ್ಲಿನ ಸಂಬಂಧ ಗಟ್ಟಿಯಾಯಿತು. ಮಾವನವರು ಅಷ್ಟಕ್ಕೆ ಬಿಡಲಿಲ್ಲ. ಯುಗಾದಿಯಿಂದ ಈಚೆಗೆ ನೋಡಿದ ಜಾತಕಗಳನ್ನೆಲ್ಲ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮತ್ತೆ ನೋಡಿದರು. ಒಂದೊಂದು ಮನೆಗೂ ಹೋಗಿ ಹೇಳಿ ಬಂದರು. ಟೀನಾ ಹದಿನೆಂಟನೇ ತಾರೀಕಿನವಳು, ಅವಳದು ಸರಿಯಾಗಿಯೇ ಇತ್ತು.

ಈಗ ಒಂದು ಗುಟ್ಟು ಹೇಳುತ್ತೇನೆ. ಬೇಸಿಗೆಯಲ್ಲಿ ಒಂದು ದಿನ ನಾನು ಕೇಳದೆಯೇ ಮಾವನವರು ನನ್ನ ಜಾತಕವನ್ನೂ ನೋಡಿ, ನಿಮಗೆ ಸಾಡೇಸಾತಿ ಶನಿ ಹಿಡಿದಿದೆ, ವಾಹನದಲ್ಲಿ ಹುಷಾರು ಎಂದಿದ್ದರು. ನಂಬುವವನಲ್ಲವಾದ್ದರಿಂದ ನಾನು ನಕ್ಕೆ. ನಕ್ಕು, ಅಂದಿನಿಂದ ಸ್ಕೂಟರನ್ನು ರಿಂಗ್ ರೋಡಿಗೆ ಹತ್ತಿಸುವುದನ್ನು ಬಿಟ್ಟೆ. ಈಗ ಎಲ್ಲರ ಜಾತಕವೂ ನೆಟ್ಟಗಾಗುತ್ತಿರುವಾಗ ನನಗೂ ಒಂದು ಆಸೆ ಹುಟ್ಟಿತು. ಕೊನೆಯ ಹಾಳೆ ಮುಗಿದ ಮೇಲೆ ಕೆಮ್ಮಿ, ಗಂಟಲು ಸರಿಮಾಡಿಕೊಂಡು, ‘ಮಾವ, ನಂದೂ ಒಂದ್ಸಲ...’ ಎಂದೆ.

ಮಾವನವರು ಕನ್ನಡಕದ ಮೇಲಿನಿಂದ ನೋಡಿದರು. ‘ನಿಮ್ಮದು ಏಳನೇ ತಿಂಗಳು ಏಳನೇ ತಾರೀಕು ಅಲ್ವೇ ಅಳಿಯಂದ್ರೇ?’ ಎಂದರು. ‘ಅದು ಅಮೆರಿಕದಲ್ಲೂ ಅಷ್ಟೇ, ಇಲ್ಲೂ ಅಷ್ಟೇ.’

ಕಾವ್ಯಳ ಮದುವೆ ಹಿನಕಲ್ಲಿನಾಚೆ, ರಿಂಗ್ ರೋಡಿನ ಪಕ್ಕದ ಛತ್ರದಲ್ಲಿ ನಡೆಯಿತು. ಅಕ್ಷತೆ ಹಾಕಲು ವೇದಿಕೆ ಹತ್ತಿದಾಗ ಅವಳು ಗಂಡನ ಕಡೆ ತಿರುಗಿ, ‘ಇವರೇ ನಮ್ಮ ಲಾಜಿಕ್ ಸರ್,’ ಎಂದಳು. ‘ತಾರೀಕು ತಪ್ಪು ಅಂತ ಅವರ ಮಾವನ ಬಾಯಲ್ಲೇ ಹೇಳಿಸಿದೋರು. ಜಾತ್ಕ ಗೀತ್ಕ ಅಂದ್ರೆ ಇವರಿಗೆ ಒಂಚೂರೂ ಹೆದರಿಕೆ ಇಲ್ಲ.’ ಹುಡುಗ ಭಕ್ತಿಯಿಂದ ಕೈಮುಗಿದು, ಇಷ್ಟೊಂದು ಜನ ಬಂದಿದ್ದಾರೆ, ಗಾಡಿ ನಿಲ್ಲಿಸಲು ಜಾಗ ಸಿಕ್ಕಿತೇ ಸರ್ ಎಂದು ಕೇಳಿದ. ‘ಸಿಕ್ತು, ಸಿಕ್ತು’ ಎಂದೆ, ಜೇಬಿನಿಂದ ಇಣುಕುತ್ತಿದ್ದ ಬಸ್ ಟಿಕೆಟನ್ನು ಒಳಕ್ಕೆ ತಳ್ಳುತ್ತಾ.